ಹಸಿರು ಶೀಟಿನ ಕೆಳಗೆ ಝುಲೈಖಾಳ ಮಲ್ಲಿಗೆ

ಪಂಪಿನ ಸ್ವಿಚ್ ಒತ್ತಿ ಟಾಂಕಿಗೆ ನೀರು ಬಿಡುವುದು, ಅದು ತುಂಬಿ ಗೋಡೆಯಲ್ಲಿ ಇಳಿಯುವ ಮೊದಲು ನೆನಪಿಟ್ಟು ನಿಲ್ಲಿಸುವುದು. ಅತ್ತೆ ಆಯಿಶುಮ್ಮನ ಮೊಣಕಾಲಿಗೆ ಬಿಸಿನೀರಿನ ಚೀಲ. ನೆನೆಸಿಟ್ಟ ಅಕ್ಕಿಯನ್ನು ತೆಂಗಿನತುರಿಯ ಜೊತೆ ಅರೆದು ಒರೊಟ್ಟಿಗೆ ಹದ ಮಾಡುವುದು. ಮಗಳು ಹನಾನ್‌ಳ ಬುತ್ತಿ. ಗಂಡ ಸಾಹುಲ್ ಹಮೀದ್ ಯಾವಾಗ ಎದ್ದರೂ ಬಿಸಿಯಾಗಿಯೇ ಸಿಗಬೇಕಾದ ಚಾ, ಫ್ಲಾಸ್ಕಿನಲ್ಲಿ. ಅಂಗಳಕ್ಕೆ ಹಾಸಿದ ಇಂಟರ್‌ಲಾಕ್ ಗುಡಿಸುವುದು. ಅಂಗಳದ ನಡುವೆ ಬೆಳ್ಳಿ ಬಣ್ಣದ ಕವರ್ ಹೊದ್ದು ಮಲಗಿದ ಕಾರಿನ ಮೇಲಿಂದ ತರಗೆಲೆ, ಹಕ್ಕಿಯ ಹಿಕ್ಕೆ ತೆಗೆಯುವುದು. ಇಷ್ಟೂ ನಸುಕಿನ ಸುಬಹಿಯ ಬಾಂಗಿನ ಮೊದಲು. ಆಮೇಲೆ ನಮಾಜು. ಅದು ಮುಗಿದದ್ದೇ, ರಬ್ಬರ್ ಟ್ಯಾಪಿಂಗಿನವರು ಹಣೆಗೆ ಕಟ್ಟುವ ಲೈಟನ್ನು ತಾನೂ ಕಟ್ಟಿಕೊಂಡು ಇಪ್ಪತ್ತೆರಡು ಮೆಟ್ಟಿಲು ಹತ್ತಿ ತಾರಸಿಗೆ. ಮಲ್ಲಿಗೆಯ ಮೊಗ್ಗನ್ನು ಬಿಸಿಲು ಮುಟ್ಟುವ ಮೊದಲೇ ಕೊಯ್ಯಬೇಕು. ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಎಂಟುನೂರು ಮೊಗ್ಗಿಗೆ ಒಂದು ಚೆಂಡು ಮಾಡಿ, ಬಾಳೆಲೆಯಲ್ಲಿ ಸುತ್ತಿ, ಏಳೂಕಾಲರ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕು. ಸುಳ್ಯದ ಬಸ್ ಸ್ಟ್ಯಾಂಡಿನ ಹತ್ತಿರ ಹೂವಿನ ಅಂಗಡಿ ಇಟ್ಟ ರಾಜೀವಿ ಅದನ್ನು ಇಳಿಸಿಕೊಳ್ಳುತ್ತಾಳೆ.

ಜಾಲ್ಸೂರಿನ ಆ ಮನೆಯಲ್ಲಿ ಇವುಗಳಲ್ಲಿ ಒಂದಕ್ಕೂ ಕೆಲಸ ಎಂಬ ಹೆಸರಿರಲಿಲ್ಲ. ಪಂಪು, ಒರೊಟ್ಟಿ, ಅಂಗಳ ಎಲ್ಲ ತಾವಾಗಿಯೇ ಆಗುತ್ತಿದ್ದವು, ಬೆಳಗಾಗುವ ಹಾಗೆ. ಮಲ್ಲಿಗೆಗೆ ಮಾತ್ರ ಒಂದು ಹೆಸರು ಸಿಕ್ಕಿತ್ತು. ಬಂದವರಿಗೆ ಸಾಹುಲ್ ಹಮೀದ್ ತಾರಸಿಯ ಕಡೆ ಗಲ್ಲ ಎತ್ತಿ ತೋರಿಸಿ, "ಅದು ನಮ್ಮವಳ ಟೈಂಪಾಸ್" ಎನ್ನುತ್ತಿದ್ದ.

ಟೈಂಪಾಸಿಗೆ ಏಳು ವರ್ಷ ವಯಸ್ಸು. ರಾಜೀವಿ ಕೊಟ್ಟ ಎರಡು ಗೆಲ್ಲುಗಳನ್ನು ಖಾಲಿ ಪೇಂಟ್ ಬಕೆಟಿನಲ್ಲಿ ನೆಟ್ಟು ಶುರುವಾದದ್ದು. ಎರಡು ಆರಾಗಿ, ಆರು ಹದಿನೈದಾಗಿ, ಈಗ ಮೂವತ್ತೆರಡು ಬಕೆಟ್. ಸುಳ್ಯ ಪೇಟೆಯಲ್ಲಿ ಮದುವೆಯ ಹೂವಿಗೆ ಹೇಳುವವರು ರಾಜೀವಿಯ ಹತ್ತಿರ "ಜಾಲ್ಸೂರಿನ ಚೆಂಡು ಉಂಟಾ?" ಎಂದು ಕೇಳುವಷ್ಟು. ಯಾರ ಮನೆಯದು, ಯಾರು ಕಟ್ಟಿದ್ದು ಎಂದು ಅವರಿಗೆ ಗೊತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಆದರೆ ಝುಲೈಖಾಳಿಗೆ ಗೊತ್ತಿತ್ತು. ಪುತ್ತೂರಿನ ಕಡೆಯಿಂದ ಈ ಮನೆಗೆ ಬಂದ ಇಪ್ಪತ್ತು ವರ್ಷಗಳಲ್ಲಿ ಅವಳು ಮಾಡಿದ್ದೆಲ್ಲ ಅದೇ ದಿನ ತಿಂದು, ಉಟ್ಟು, ಕೊಳೆ ಮಾಡಿ ಮುಗಿಯುತ್ತಿತ್ತು. ಗೇಟು ದಾಟಿ ಹೋಗಿ, ಚಂದ ಉಂಟು ಅನ್ನಿಸಿಕೊಂಡು ಬಂದದ್ದು ಇದೊಂದೇ.

ಸಾಹುಲ್ ಹಮೀದ್ ಹದಿನೇಳು ವರ್ಷ ದಮಾಮಿನ ಒಂದು ಸೂಪರ್‌ಮಾರ್ಕೆಟಿನಲ್ಲಿ ಫ್ರೀಜರ್ ವಿಭಾಗದ ಸೂಪರ್‌ವೈಸರ್ ಆಗಿದ್ದವನು. ಎರಡು ವರ್ಷದ ಹಿಂದೆ ಪೂರ್ತಿಯಾಗಿ ಊರಿಗೆ ಬಂದಾಗ ಸೂಪರ್‌ವೈಸ್ ಮಾಡಲು ಅವನಿಗೆ ಮನೆಯೊಂದೇ ಉಳಿದಿತ್ತು. ಮೊದಲ ವಾರ ಫ್ರಿಜ್ಜಿನ ಸಾಮಾನು ಜೋಡಿಸುವ ಕ್ರಮ ತಪ್ಪೆಂದ. ಎರಡನೆಯ ವಾರ ಬಟ್ಟೆ ಒಣಗಿಸುವ ಹಗ್ಗದ ದಿಕ್ಕು ತಪ್ಪೆಂದ. ತಪ್ಪು ಹೇಳುವುದರಲ್ಲಿ ಅವನಷ್ಟು ದುಡಿಯುವವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಸಂಜೆಯಾಗುವಾಗ ಪಾಪ, ಸುಸ್ತಾಗಿ ಹೋಗುತ್ತಿದ್ದ. ಕಾರಿನಲ್ಲಿ ಹೊರಗೆ ಹೋದರೆ ಬರುವಾಗ ಗೇಟಿನ ಎದುರು ಎರಡು ಸಲ ಹಾರ್ನ್. ಗೇಟಿನ ಸರಳಿನ ನಡುವೆ ಕೈ ಹಾಕಿದರೆ ಚಿಲಕ ಹೊರಗಿನಿಂದಲೂ ಸಿಗುತ್ತದೆ. ಆದರೂ ಎರಡು ಸಲ ಹಾರ್ನ್. ಒಲೆಯ ಮೇಲೆ ಏನಿದ್ದರೂ ಬಿಟ್ಟು ಝುಲೈಖಾ ಓಡಬೇಕು.

ಕಳೆದ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮೊದಲು, ಅವನಿಗೆ ತಾರಸಿಗೆ ಶೀಟ್ ಹಾಕಿಸುವ ಯೋಚನೆ ಬಂತು. ವೆಲ್ಡಿಂಗಿನ ಪೋಕರ್ ಟೇಪು ಹಿಡಿದು ಬಂದ. ಝುಲೈಖಾ ಇಬ್ಬರಿಗೂ ಚಾ ಹಿಡಿದುಕೊಂಡು ಮೇಲೆ ಹೋದಾಗ ಬಣ್ಣದ ಚರ್ಚೆ ನಡೆದಿತ್ತು.

"ಬಿಳಿಯದ್ದುಂಟು, ನೀಲಿ ಉಂಟು, ಹಸಿರು ಉಂಟು. ಯಾವುದು ಹಾಕುದು ಹಮೀದಿಚ್ಚ?"

"ಹಸಿರು ಹಾಕು ಮಾರಾಯ. ಕೆಳಗೆ ಇವಳ ಗಿಡ ಉಂಟಲ್ಲ. ಗಿಡಕ್ಕೆ ಹಸಿರು ಅಂದ್ರೆ ಖುಷಿ."

"ಗಿಡಕ್ಕೆ ಖುಷಿ, ಹೆಂಡತಿಗೆ ನೆರಳು!" ಪೋಕರ್ ನಕ್ಕ. "ನೋಡಿ, ಇಂಥ ಗಂಡ ಈಗ ಎಲ್ಲಿ ಸಿಗ್ತಾರೆ?"

"ಇವಳಿಗೋಸ್ಕರವೇ ಹಾಕಿಸುದು. ಬಿಸಿಲಲ್ಲಿ ನಿಂತು ನಿಂತು ಕಪ್ಪಾಗಿದ್ದಾಳೆ."

ಅವಳಿಗೋಸ್ಕರ ಎಂದು ಶುರುವಾಗುವ ಯಾವ ಕೆಲಸದಲ್ಲೂ ಅವಳನ್ನು ಕೇಳುವ ಪದ್ಧತಿ ಇರಲಿಲ್ಲ. ಮೂರು ದಿನದಲ್ಲಿ ಕಬ್ಬಿಣದ ಕಂಬಗಳ ಮೇಲೆ ಹಸಿರು ಫೈಬರ್ ಶೀಟು ಕುಳಿತಿತು. ಅದರ ಕೆಳಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಬಂದವು. ಸಂಜೆ ಸಾಹುಲ್ ಹಮೀದನ ಸ್ನೇಹಿತರು ಬಂದು ಕುಳಿತು ಗಲ್ಫಿನ ಕಥೆ ಹೇಳತೊಡಗಿದರು. ಅವಳಿಗೋಸ್ಕರ ಹಾಕಿದ ನೆರಳಿಗೆ ಅವಳೇ ದಿನಕ್ಕೆ ಎರಡು ಸಲ ಇಪ್ಪತ್ತೆರಡು ಮೆಟ್ಟಿಲು ಚಾ ಹೊತ್ತಳು.

ಮಳೆಗಾಲದಲ್ಲಿ ಬಟ್ಟೆ ಒಣಗಿತು, ಅದು ನಿಜ. ಮಳೆಗೆ ಮಲ್ಲಿಗೆ ಹೇಗೂ ಸರಿಯಾಗಿ ಬಿಡುವುದಿಲ್ಲ. ಹಾಗಾಗಿ ಯಾರ ಗಮನಕ್ಕೂ ಏನೂ ಬರಲಿಲ್ಲ. ಮಳೆ ಬಿಟ್ಟ ಮೇಲೆ ಝುಲೈಖಾ ಪ್ರತಿವರ್ಷದ ಹಾಗೆ ಗೆಲ್ಲು ಕತ್ತರಿಸಿ, ಮಣ್ಣು ಸಡಿಲಿಸಿ, ಗೊಬ್ಬರ ಹಾಕಿದಳು. ಗಿಡಗಳು ಚಿಗುರಿದವು. ಎಲೆಗಳು ಬೇರೆ ವರ್ಷಕ್ಕಿಂತ ಅಗಲ, ತೆಳು, ಕಡು ಹಸಿರು. ಗೆಲ್ಲುಗಳು ಉದ್ದುದ್ದ ಬೆಳೆದು, ಶೀಟು ಮುಗಿಯುವ ಮೂಡು ದಿಕ್ಕಿನ ಅಂಚಿನ ಕಡೆ, ಬಸ್ಸಿಗೆ ಕಾಯುವವರ ಹಾಗೆ ಕತ್ತು ಚಾಚಿದವು.

"ನೋಡು, ನೋಡು," ಎಂದ ಸಾಹುಲ್ ಹಮೀದ್. "ಎಂಥಾ ಎಲೆ! ಶೀಟ್ ಹಾಕಿದ್ದಕ್ಕೆ ಈಗ ಗಿಡಕ್ಕೆ ಸಮಾಧಾನ ಆದದ್ದು."

ಡಿಸೆಂಬರ್ ಕಳೆಯಿತು. ಮೊಗ್ಗಿಲ್ಲ. ಜನವರಿಗೆ ಬೇರೆ ವರ್ಷ ದಿನಕ್ಕೆ ಎರಡು ಚೆಂಡು ಆಗುತ್ತಿದ್ದ ಕಡೆ ಈಗ ಒಂದು ಹಿಡಿ. ಅದೂ ಅಂಚಿನ ನಾಲ್ಕು ಬಕೆಟಿನಿಂದ ಮಾತ್ರ. ಹಣೆಗೆ ಲೈಟು ಕಟ್ಟಿಕೊಂಡು ಎಲೆಯಡಿ ಎಲೆಯಡಿ ಹುಡುಕಿ, ಬೊಗಸೆಯೂ ತುಂಬದೆ ಇಳಿದು ಬರುವಾಗ ಅವಳಿಗೆ ಯಾರೋ ತನ್ನ ಕಿಸೆಗೆ ಕೈ ಹಾಕಿದ ಹಾಗೆ ಅನ್ನಿಸುತ್ತಿತ್ತು.

ಮೊಗ್ಗು ನಿಂತದ್ದೇ ಬುದ್ಧಿ ಹೇಳುವವರು ಶುರುವಾದರು. ಸುಳ್ಯದ ಗೊಬ್ಬರದ ಅಂಗಡಿಯವರು ನೆಲಗಡಲೆ ಹಿಂಡಿ ನೆನೆಸಿ ಹಾಕಲು ಹೇಳಿದರು. ಹಾಕಿದಳು, ಮನೆಯೆಲ್ಲ ನಾತ, ಮೊಗ್ಗಿಲ್ಲ. ಸಾಹುಲ್ ಹಮೀದ್ ಮೊಬೈಲಿನಲ್ಲಿ ನೋಡಿ ಯಾವುದೋ ಟಾನಿಕ್ಕಿನ ಬಾಟಲಿ ತರಿಸಿದ. ಚಿಮುಕಿಸಿದಳು, ಎಲೆ ಇನ್ನಷ್ಟು ಅಗಲವಾಯಿತು. ಅತ್ತೆ ಆಯಿಶುಮ್ಮ ಒಣಮೆಣಸು ಮತ್ತು ಉಪ್ಪನ್ನು ಗಿಡಕ್ಕೆ ಮೂರು ಸುತ್ತು ತಂದು ಒಲೆಗೆ ಹಾಕಿಸಿದರು. "ಕಣ್ಣು ಬಿದ್ದದ್ದು. ಅಷ್ಟು ಹೂವು ಕಂಡವರಿಗೆಲ್ಲ ಕಾಣುವ ಹಾಗೆ ಬಸ್ಸಿಗೆ ಕೊಟ್ಟು ಕಳಿಸುದು ಯಾಕೆ?" ಅವರೆಲ್ಲರ ಪ್ರಕಾರ ಗಿಡಕ್ಕೆ ಏನೇನೋ ಕಡಿಮೆಯಾಗಿತ್ತು, ಅದನ್ನೆಲ್ಲ ಹೊತ್ತು ತಂದು ಹಾಕಬೇಕಾದವಳು ಮಾತ್ರ ಒಬ್ಬಳೇ. ತಾರಸಿಯ ಕುರ್ಚಿಯಲ್ಲಿ ಕುಳಿತ ಗಂಡ ಒಂದು ದಿನ ಸ್ನೇಹಿತರ ಎದುರು ತೀರ್ಪು ಕೊಟ್ಟ: "ಗಿಡಕ್ಕೂ ವಯಸ್ಸಾಗ್ತದೆ ಮಾರಾಯ್ರೆ. ಇವಳ ಹಾಗೆಯೇ." ಎಲ್ಲರೂ ನಕ್ಕರು. ಝುಲೈಖಾ ಖಾಲಿ ಗ್ಲಾಸು ತೆಗೆದುಕೊಂಡು ಇಳಿದಳು. ಅವಳಿಗೆ ನಲವತ್ತೊಂದು, ನಕ್ಕವರಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ ಐವತ್ತು.

ಸರಿಯಾದ ಪ್ರಶ್ನೆ ಕೇಳಿದವಳು ರಾಜೀವಿ ಒಬ್ಬಳೇ, ಅದೂ ಫೋನಿನಲ್ಲಿ, ಗಿರಾಕಿಗಳ ನಡುವೆ.

"ಬಿಸಿಲು ಎಷ್ಟು ಹೊತ್ತು ಬೀಳ್ತದೆ ಗಿಡಕ್ಕೆ?"

"ಬೆಳಕು ಬೇಕಾದಷ್ಟುಂಟು ರಾಜೀವಕ್ಕ. ಇವರು ಅಲ್ಲಿಯೇ ಕೂತು ಪೇಪರ್ ಓದುದು."

"ಪೇಪರ್ ಓದುವವರನ್ನು ಕೇಳಿದ್ದಲ್ಲ ಮಾರಾಯ್ತಿ, ಮಲ್ಲಿಗೆಯನ್ನು ಕೇಳಿದ್ದು." ಆಮೇಲೆ ಸ್ವರ ಇಳಿಸಿ ಹೇಳಿದಳು: "ನೋಡು ಝುಲೈಖಾ, ಮುಂದಿನ ತಿಂಗಳಿಗೆ ಮದುವೆಗಳು ಒಂದರ ಮೇಲೊಂದು ಉಂಟು. ನಿನ್ನ ಚೆಂಡಿನಲ್ಲಿ ಒಂದು ಬಾಡಿದ ಮೊಗ್ಗು ಕಂಡವಳಲ್ಲ ನಾನು. ಆದ್ರೆ ಮಲ್ಲಿಗೆ ಇಲ್ಲ ಅಂತ ಮದುಮಗಳಿಗೆ ಹೇಳ್ಲಿಕ್ಕಾಗ್ತದಾ? ಪಂಜದಲ್ಲಿ ಒಬ್ಬಳು ಕೊಡ್ತೇನೆ ಅಂತ ಹೇಳಿದ್ದಾಳೆ. ಈ ತಿಂಗಳು ಕಳೆಯುವ ವರೆಗೆ ನೋಡ್ತೇನೆ, ಆಮೇಲೆ ಅವಳಿಗೆ ಹೇಳುದೇ."

ಫೋನಿಟ್ಟ ಮೇಲೆ ಝುಲೈಖಾಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅಂಚಿನ ನಾಲ್ಕು ಬಕೆಟಿನಲ್ಲಿ ಮಾತ್ರ ಮೊಗ್ಗಿರುವುದನ್ನು ದಿನಾ ಕಣ್ಣಾರೆ ಕಾಣುತ್ತಿದ್ದವಳು ತಾನು. ಆದರೂ ಬಾಯಿಗೆ ಬಂದದ್ದು ಗಂಡನ ಪೇಪರ್ ಓದುವ ಬೆಳಕು. ಏಳು ವರ್ಷ ತಾರಸಿಯಲ್ಲಿ ನಿಂತ ತನಗಿಂತ ಎಂಟು ತಿಂಗಳು ಅಲ್ಲಿ ಕುರ್ಚಿ ಹಾಕಿ ಕುಳಿತವನ ಮಾತೇ ಗಟ್ಟಿ ಎಂದು ತನ್ನ ನಾಲಿಗೆಗೆ ಯಾರು ಕಲಿಸಿದ್ದು?

ಅದೇ ವಾರ ಹನಾನ್ ಒಂದು ಉಪ್ಪಿನಕಾಯಿ ಬಾಟಲಿಯಲ್ಲಿ ನೀರು ತುಂಬಿಸಿ, ತೋಡಿನಿಂದ ಕಿತ್ತು ತಂದ ಪಾಚಿಯಂಥ ನೀರುಗಿಡವನ್ನು ಅದರಲ್ಲಿ ಮುಳುಗಿಸಿ ತಂದಳು. ಅವಳು ಮೊದಲ ಪಿಯುಸಿ, ವಿಜ್ಞಾನ. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಿತ್ತು.

"ಕಾಲೇಜಲ್ಲಿ ಮಾಡಿಸ್ಲಿಲ್ವಾ?" ಝುಲೈಖಾ ಕೇಳಿದಳು.

"ಮಾಡಿಸಿದ್ದಾರೆ. ನಮ್ಮ ಗುಂಪಿಗೆ ಒಂದೇ ಲೈಟ್. ಹುಡುಗರು ಲೈಟ್ ಹಿಡ್ಕೊಂಡ್ರು, ನಮಗೆ ಬರಿಲಿಕ್ಕೆ ಹೇಳಿದ್ರು. ಅಕ್ಷರ ಚಂದ ಅಂತೆ." ಹನಾನ್ ಮುಖ ಸಿಂಡರಿಸಿದಳು. "ಬೆಳಕು ಹೆಚ್ಚು ಕಡಿಮೆ ಆದ್ರೆ ಗಿಡ ತನ್ನ ಆಹಾರದ ಅಡಿಗೆ ಮಾಡುದು ಹೇಗೆ ಹೆಚ್ಚು ಕಡಿಮೆ ಆಗ್ತದೆ ಅಂತ ನೋಡುದು. ಕೋಣೆ ಕತ್ತಲೆ ಇರ್ಬೇಕು. ನಾಳೆ ಬೆಳಿಗ್ಗೆ ನೀನು ಏಳುವಾಗ ನನ್ನನ್ನೂ ಎಬ್ಬಿಸು ಉಮ್ಮ."

ಆ ಮನೆಯಲ್ಲಿ ಎಲ್ಲಕ್ಕಿಂತ ಕತ್ತಲೆಯ ಕೋಣೆ ಅಡಿಗೆಮನೆ. ಮುಂದಿನ ಹಾಲಿಗೆ ಆರು ಕಿಟಕಿ. ಅದರಲ್ಲಿ ಕುಳಿತು ಯಾರೂ ಏನೂ ಮಾಡುವುದಿಲ್ಲ. ದಿನವಿಡೀ ಕೆಲಸ ನಡೆಯುವ ಅಡಿಗೆಮನೆಗೆ ಒಂದು ಕಿಟಕಿ, ಅದೂ ಹಿತ್ತಲಿನ ಹಲಸಿನ ಮರದ ಬೊಡ್ಡೆಗೆ ಮುಖ ಮಾಡಿದ್ದು. ಪ್ಲಾನು ಮಾಡಿದವನಿಗೆ ಆಗ ಯಾರಾದರೂ ಈ ಪಾಠ ಓದಿಸಬೇಕಿತ್ತು.

ಬೆಳಗಿನ ಜಾವ ಒಂದು ಕಡೆ ತವೆಯಲ್ಲಿ ಒರೊಟ್ಟಿ, ಇನ್ನೊಂದು ಕಡೆ ಕಟ್ಟೆಯ ಮೇಲೆ ಬಾಟಲಿ. ದೀಪ ಬೇಕಲ್ಲ ಎಂದಾಗ ಝುಲೈಖಾ ತನ್ನ ಹಣೆಯ ಲೈಟನ್ನೇ ಕೊಟ್ಟಳು. ಹನಾನ್ ಅದನ್ನು ಮಸಾಲೆ ಡಬ್ಬಿಗೆ ಕಟ್ಟಿ ನಿಲ್ಲಿಸಿ, ಸ್ಕೇಲಿನಿಂದ ಅಳೆದು, ಬಾಟಲಿಯಿಂದ ಹತ್ತು ಸೆಂಟಿಮೀಟರ್ ದೂರದಲ್ಲಿಟ್ಟಳು. ಟ್ಯೂಬ್‌ಲೈಟ್ ಆರಿಸಿದಳು. ಸ್ವಲ್ಪ ಹೊತ್ತಿನಲ್ಲಿ ನೀರುಗಿಡದ ಕತ್ತರಿಸಿದ ತುದಿಯಿಂದ, ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದರಂತೆ ಮೇಲಕ್ಕೆ ಹೊರಟವು.

"ಅದು ಎಂತದು?"

"ಆಮ್ಲಜನಕ. ಗಿಡ ಅಡಿಗೆ ಮಾಡುವಾಗ ಹೊರಗೆ ಬಿಡುದು. ಗುಳ್ಳೆ ಎಷ್ಟು ಜೋರು ಬರ್ತದೋ, ಅಡಿಗೆ ಅಷ್ಟು ಜೋರು ನಡೀತಾ ಉಂಟು ಅಂತ. ನಾನು ಗಂಟೆ ನೋಡ್ತೇನೆ, ನೀನು ಲೆಕ್ಕ ಮಾಡು. ಒಂದು ನಿಮಿಷ."

ಎಂಟುನೂರು ಮೊಗ್ಗನ್ನು ಮಾತಾಡುತ್ತಾ ಎಣಿಸಿ ಒಂದೂ ತಪ್ಪದೆ ಕಟ್ಟುವವಳು ಝುಲೈಖಾ. ಕೈಯಲ್ಲಿ ಒರೊಟ್ಟಿ ಮಗುಚುತ್ತಲೇ ಎಣಿಸಿದಳು. "ನಲವತ್ತೇಳು."

ಲೈಟನ್ನು ಇಪ್ಪತ್ತಕ್ಕೆ ಸರಿಸಿದರು. ಹದಿಮೂರು. ಮೂವತ್ತಕ್ಕೆ. ಆರು.

"ದೂರ ಎರಡು ಪಾಲು ಆದ್ರೆ ಬೆಳಕು ಅರ್ಧ ಆಗುದಲ್ಲ ಉಮ್ಮ, ಕಾಲು ಆಗುದು. ಮೂರು ಪಾಲು ಆದ್ರೆ ಒಂಬತ್ತರಲ್ಲಿ ಒಂದು. ಗುಳ್ಳೆಯೂ ನೋಡು, ಹೆಚ್ಚುಕಮ್ಮಿ ಹಾಗೆಯೇ."

ಝುಲೈಖಾ ಬಾಟಲಿಯ ಕಡೆ ಬಗ್ಗಿದಳು. ಮೂವತ್ತು ಸೆಂಟಿಮೀಟರಿನಲ್ಲಿಯೂ ಬಾಟಲಿ ಅವಳ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಎಲೆ, ಬೇರು, ಬಾಟಲಿಯ ಮೇಲೆ ಉಳಿದ ಲೇಬಲಿನ ಅಕ್ಷರವನ್ನೂ ಓದಬಹುದಿತ್ತು. ಕಣ್ಣಿಗೆ ಸಾಕಾದ ಬೆಳಕಿನಲ್ಲಿ ಗಿಡದ ಒಲೆ ಆರುತ್ತಾ ಬಂದಿತ್ತು.

"ಈಗ ಗೊಬ್ಬರ ಹಾಕಿದ್ರೆ?" ಎಂದಳು.

"ಗೊಬ್ಬರ ಈ ಪ್ರಯೋಗದಲ್ಲಿಲ್ಲ. ಅಪ್ಪದ ಹಿಟ್ಟಿಗೆ ಹಾಕುವ ಅಡಿಗೆ ಸೋಡಾ ಹಾಕುದುಂಟು. ಅದರಿಂದ ಗಿಡಕ್ಕೆ ಇಂಗಾಲದ ಗಾಳಿ ಹೆಚ್ಚು ಸಿಗ್ತದೆ. ಅಡಿಗೆಗೆ ಸಾಮಾನು ಕೊಟ್ಟ ಹಾಗೆ."

ಲೈಟು ಮೂವತ್ತರಲ್ಲಿಯೇ ಇರಲಿ ಎಂದು ಝುಲೈಖಾ ಒಂದು ಚಿಟಿಕೆ ಸೋಡಾ ಹಾಕಿದಳು. ಎಣಿಸಿದಳು. ಆರು. ಇನ್ನೊಂದು ಚಿಟಿಕೆ. ಆರು. ಮತ್ತೆ ಎಣಿಸಿದಳು. ಏಳು, ಮತ್ತೆ ಆರು.

"ಹಿಂಡಿ," ಎಂದಳು ಮೆಲ್ಲಗೆ. "ಟಾನಿಕ್. ಮೆಣಸು."

"ಎಂತ?"

"ಏನಿಲ್ಲ. ಹತ್ತಿರ ತಾ."

ಹತ್ತಿರ ತಂದರು. ಹತ್ತರಲ್ಲಿ ಅದೇ ಸೋಡಾ ನೀರಿನಲ್ಲಿ ಗುಳ್ಳೆ ಅರುವತ್ತೆರಡಕ್ಕೆ ಏರಿತು. ಐದಕ್ಕೆ ತಂದಾಗ ಇನ್ನೂ ಸ್ವಲ್ಪ ಏರಿ ಅಲ್ಲಿಗೇ ನಿಂತಿತು. ಬಾಟಲಿಗೆ ತಾಗಿಸಿ ಇಟ್ಟರೂ ಮುಂದೆ ಹೋಗಲಿಲ್ಲ. ಅಲ್ಲಿಂದ ಮುಂದೆ ಬೆಳಕು ಎಷ್ಟು ಕೊಟ್ಟರೂ ಗಿಡಕ್ಕೆ ಬೇಡ, ಆಗ ಬೇರೆ ಏನೋ ಕಡಿಮೆಯಾಗಿರುತ್ತದೆ ಎಂದಳು ಹನಾನ್. "ಯಾವುದು ಕಡಿಮೆಯೋ ಅದೇ ತಡೆಯುದು. ಉಳಿದದ್ದು ರಾಶಿ ಹಾಕಿದ್ರೂ ದಂಡ. ಎರಡು ಮಾರ್ಕಿನ ಪ್ರಶ್ನೆ ಇದು."

ಝುಲೈಖಾ ಹಿಂಬಾಗಿಲು ತೆರೆದು ಹೋದಳು. ಪೋಕರ್ ಕತ್ತರಿಸಿ ಬಿಟ್ಟಿದ್ದ ಹಸಿರು ಶೀಟಿನ ತುಂಡನ್ನು ಆಯಿಶುಮ್ಮ ಕೋಳಿಗೂಡಿನ ಮೇಲೆ ಇಟ್ಟಿದ್ದರು. ಅದನ್ನು ತೊಳೆದು ತಂದು ಲೈಟಿಗೂ ಬಾಟಲಿಗೂ ನಡುವೆ ಹಿಡಿದಳು. ಲೈಟನ್ನು ಹನಾನ್ ಅಷ್ಟರಲ್ಲಿ ವಾಪಸ್ ಹತ್ತಕ್ಕೆ ಸರಿಸಿದ್ದಳು.

ಹನಾನ್ ಗಂಟೆ ನೋಡಿದಳು. ಅಮ್ಮ ಎಣಿಸಿದಳು. ಹದಿನೇಳು.

"ಹಸಿರು ಗಿಡಕ್ಕೆ ಖುಷಿ ಅಲ್ವಾ?"

"ಯಾರು ಹೇಳಿದ್ದು? ಎಲೆ ಹಸಿರು ಕಾಣುದೇ ಯಾಕೆ, ಹಸಿರು ಬೆಳಕನ್ನು ಅದು ಹೆಚ್ಚು ವಾಪಸ್ ಬಿಸಾಡ್ತದೆ. ಕೆಂಪು, ನೀಲಿಯೇ ಅದಕ್ಕೆ ಮುಖ್ಯ ಬೇಕಾದ್ದು. ಶೀಟ್ ಆ ಎರಡನ್ನೂ ತಡೆದು, ಗಿಡಕ್ಕೆ ಕಡಿಮೆ ಬೇಕಾದ್ದನ್ನು ಒಳಗೆ ಬಿಡ್ತದೆ." ಹನಾನ್ ತಟ್ಟನೆ ತಲೆ ಎತ್ತಿ ಮಾಡಿನ ಕಡೆ ನೋಡಿದಳು. "ಅಯ್ಯೋ ಉಮ್ಮಾ."

ಒಂದು ಒರೊಟ್ಟಿ ಕರಟಿ ಹೊಗೆ ಎದ್ದಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಝುಲೈಖಾ ಅದನ್ನು ತನ್ನ ತಟ್ಟೆಗೆ ಹಾಕಿಕೊಳ್ಳಲಿಲ್ಲ. ಸಾಹುಲ್ ಹಮೀದನ ತಟ್ಟೆಗೆ ಹಾಕಿದಳು.

ಮುಂದಿನ ಮೂರು ದಿನ ಅವಳು ಮನೆಯ ಸುತ್ತ ಬೆಳಕು ನೋಡಿದಳು. ಹಿತ್ತಲಿನಲ್ಲಿ ಹಲಸಿನ ನೆರಳು, ಹತ್ತು ಗಂಟೆಗೆ ಅರ್ಧ ಗಂಟೆ ಬಿಸಿಲಿನ ಚುಕ್ಕಿ. ಪಕ್ಕದ ಓಣಿಯಲ್ಲಿ ಅದೂ ಇಲ್ಲ. ತಾರಸಿಯಲ್ಲಿ ಶೀಟು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರ ವರೆಗೆ ತುಂಬಿ ಚೆಲ್ಲುವ ಬಿಸಿಲು ಬೀಳುತ್ತಿದ್ದದ್ದು ಒಂದೇ ಕಡೆ: ಮುಂದಿನ ಅಂಗಳದ ನಡುವೆ, ಕಾರಿನ ಮೇಲೆ. ಕಾರಿಗೆ ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆಂದು ಸಾಹುಲ್ ಹಮೀದ್ ಅದಕ್ಕೆ ಬೆಳ್ಳಿಯ ಕವರ್ ಹೊದೆಸಿದ್ದ. ಆ ಮನೆಗೆ ಬಂದ ಬೆಳಕಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಪಾಲನ್ನು, ಅದು ಬೇಡವೇ ಬೇಡ ಎನ್ನುವ ಒಂದು ವಸ್ತುವಿಗೆ ಕೊಟ್ಟು, ತಾಗದ ಹಾಗೆ ಚಾದರವನ್ನೂ ಕೊಟ್ಟಿದ್ದರು.

ಬುಧವಾರ ಸಂಜೆ ಚಾದ ಜೊತೆ ಅವಳು ಮಾತನ್ನೂ ತಾರಸಿಗೆ ಹೊತ್ತಳು. ಅಂದು ಸ್ನೇಹಿತರಿರಲಿಲ್ಲ.

"ಗಿಡಗಳ ಮೇಲಿನ ಆರು ಶೀಟ್ ತೆಗೆಸ್ಬೇಕು. ಬೆಳಕು ಸಾಕಾಗುದಿಲ್ಲ ಅದಕ್ಕೆ."

ಅವನು ಪೇಪರಿನಿಂದ ತಲೆ ಎತ್ತಿದ. "ಬೆಳಕು ಇಲ್ವಾ? ಮತ್ತೆ ನಾನು ಓದುದು ಎಂತದ್ರಲ್ಲಿ?"

"ನೀವು ಓದಿದ್ರೆ ಮೊಗ್ಗು ಬಿಡುದಿಲ್ಲ. ಹನಾನ್ ಪ್ರಯೋಗ ಮಾಡಿ ತೋರಿಸಿದ್ದಾಳೆ, ನಾನೇ ಎಣಿಸಿದ್ದು. ಈ ಶೀಟ್ ಹಿಡಿದ್ರೆ ಅರುವತ್ತೆರಡು ಇದ್ದದ್ದು ಹದಿನೇಳಾಗ್ತದೆ."

"ಎಂತ ಅರುವತ್ತೆರಡು?"

"ಗುಳ್ಳೆ."

ಸಾಹುಲ್ ಹಮೀದ್ ಪೇಪರ್ ಮಡಚಿಟ್ಟು ಸಾವಕಾಶವಾಗಿ ನಕ್ಕ. "ಗುಳ್ಳೆ! ಒಂದು ಬಾಟಲಿಯ ಗುಳ್ಳೆಗೆ ನಾನು ಪೋಕರನನ್ನು ಕರೆಸಿ ಮಾಡು ಬಿಚ್ಚಿಸ್ಬೇಕು. ಊರಿನವರು ನಗಾಡ್ಲಿಕ್ಕಿಲ್ವಾ ಝುಲೈಖಾ? ದಮಾಮಿನಲ್ಲಿ ಇಡೀ ಮಾಲ್‌ನ ಒಳಗೆ ಗಿಡ ಇಟ್ಟಿದ್ದಾರೆ, ಸೂರ್ಯನನ್ನೇ ಕಾಣದ್ದು. ಹೇಗೆ ಹಸಿರು ಇರ್ತದೆ ಗೊತ್ತುಂಟಾ?"

"ಅದು ಹೂ ಬಿಡ್ತದಾ?"

"ಅದು ಪ್ಲಾಸ್ಟಿಕ್," ಎಂದುಬಿಟ್ಟ. ಹೇಳಿದ ಮೇಲೆ ಅವನಿಗೇ ಸಿಟ್ಟು ಬಂತು. "ನೋಡು, ಹೇಗೂ ಹೇಳ್ಬೇಕಂತ ಇದ್ದೆ. ಶನಿವಾರ ಟೈಲ್ಸಿನವರು ಬರ್ತಾರೆ. ಇಲ್ಲಿ ಎಲ್ಲ ಟೈಲ್ಸ್ ಹಾಕಿಸಿ ನೀಟ್ ಮಾಡುದು. ಬಕೆಟ್ ಎಲ್ಲ ತೆಗಿ. ಹಿತ್ತಲಲ್ಲಿ ಹಲಸಿನ ಬುಡದಲ್ಲಿಡು, ತಂಪುಂಟು."

"ಮುಂದಿನ ಅಂಗಳದಲ್ಲಿ ಇಡ್ತೇನೆ."

"ಕಾರು?"

"ಕಾರನ್ನು ಹಲಸಿನ ಬುಡದಲ್ಲಿಡಿ. ತಂಪುಂಟು."

ಅವನು ಅದನ್ನು ತಮಾಷೆ ಎಂದುಕೊಂಡ. ಹೆಂಡತಿ ಹೇಳಿದ್ದರಲ್ಲಿ ತನಗೆ ಹಿಡಿಸದ್ದೆಲ್ಲ ತಮಾಷೆ ಎಂದುಕೊಳ್ಳುವುದು ಅವನಿಗೆ ಸುಲಭವಿತ್ತು. "ಚಾಕ್ಕೆ ಸಕ್ಕರೆ ಕಮ್ಮಿ," ಎಂದು ಪೇಪರ್ ಬಿಡಿಸಿದ.

ಆಯಿಶುಮ್ಮ ಕೆಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಹಿತ್ತಲಲ್ಲಿಡು ಮೋಳೆ," ಎಂದರು, ಮೊಣಕಾಲು ನೀವಿಕೊಳ್ಳುತ್ತಾ. "ಬದುಕಿದ್ರೆ ಬದುಕ್ತದೆ. ನಾನು ಹೊಲಿಗೆ ಮಿಷನ್ ಅಟ್ಟಕ್ಕೆ ಹಾಕಿದವಳಲ್ವಾ? ಆಗ ಎರಡು ದಿನ ಬೇಜಾರಾಯ್ತು. ಮತ್ತೆ ನೆನಪೇ ಆಗ್ಲಿಲ್ಲ."

ನೆನಪಾಗದ ಮಿಷನ್ನಿನ ಮಾತು ನಲವತ್ತು ವರ್ಷದ ನಂತರ ಎಲ್ಲಿಂದ ಬಂತೆಂದು ಝುಲೈಖಾ ಕೇಳಲಿಲ್ಲ. ಬಿಸಿನೀರಿನ ಚೀಲ ಬದಲಿಸಿಕೊಟ್ಟಳು. ಹಲಸಿನ ಬುಡ ಅಂದರೆ ಅಟ್ಟವೇ. ಗಿಡ ಸಾಯುವುದಿಲ್ಲ, ಎಲೆ ಅಗಲ ಮಾಡಿಕೊಂಡು, ಹಸಿರಾಗಿ, ಯಾರಿಗೂ ತೊಂದರೆ ಕೊಡದೆ ಇರುತ್ತದೆ. ಬಂದವರು ನೋಡಿ ಎಷ್ಟು ಚಂದ ಉಂಟು ಎನ್ನುತ್ತಾರೆ.

ಶುಕ್ರವಾರ ಹನ್ನೆರಡು ಗಂಟೆಗೆ ಸಾಹುಲ್ ಹಮೀದ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಅತ್ತರು ಹಚ್ಚಿ, ಕಾರಿನ ಕವರನ್ನು ತೆಗೆದು ಅಂಗಳದಲ್ಲಿ ಬಿಸಾಡಿ ಜುಮಾಕ್ಕೆ ಹೊರಟ. ಹೊರಡುವಾಗ, "ಬಕೆಟ್ ಇವತ್ತೇ ಇಳಿಸು ಆಯ್ತಾ? ಹಿತ್ತಲಿಗೆ," ಎಂದ. ಇಳಿಸಲು ಆಳು ಹೇಳಿದ್ದೇನೆ ಎಂದಲ್ಲ, ಬಂದು ನಾನೂ ಕೈ ಕೊಡುತ್ತೇನೆ ಎಂದಲ್ಲ. ಝುಲೈಖಾ ಗೇಟು ತೆರೆದಳು, ಕಾರು ಹೋಯಿತು, ಗೇಟು ಹಾಕಿದಳು, ಕವರ್ ಮಡಚಿ ಜಗಲಿಯ ಮೇಲಿಟ್ಟಳು. ಹನಾನ್ ಕಾಲೇಜಿನಲ್ಲಿದ್ದಳು. ಆಯಿಶುಮ್ಮ ಒಳಗೆ ಚಾಪೆ ಹಾಸಿ ಮಲಗಿದ್ದರು.

ಮಣ್ಣು ತುಂಬಿದ ಪೇಂಟ್ ಬಕೆಟು ಇಪ್ಪತ್ತು ಕಿಲೋಕ್ಕೆ ಕಡಿಮೆಯಿಲ್ಲ. ಮೊದಲನೆಯದನ್ನು ಸೊಂಟಕ್ಕೆ ಒತ್ತಿ, ಒಂದೊಂದೇ ಮೆಟ್ಟಿಲು ನೋಡಿ ಇಳಿದಳು. ಉದ್ದ ಬೆಳೆದ ಗೆಲ್ಲು ಕುತ್ತಿಗೆಗೆ ತಾಗುತ್ತಿತ್ತು. ಇಪ್ಪತ್ತೆರಡನೆಯ ಮೆಟ್ಟಿಲಿನ ಕೆಳಗೆ ನಿಂತಳು. ಎಡಕ್ಕೆ ಹೋದರೆ ಹಿತ್ತಲು. ಅಲ್ಲಿ ನೆಲವನ್ನು ಅವನೇ ಕಾಲಿನಲ್ಲಿ ಗೆರೆ ಎಳೆದು ತೋರಿಸಿದ್ದ. ಹಾಗೆ ಮಾಡಿದರೆ ಸಂಜೆ ಚಾ, ನಾಳೆ ಟೈಲ್ಸ್, ನಾಡಿದ್ದು ರಾಜೀವಿಯ ಅಂಗಡಿಯಲ್ಲಿ ಪಂಜದ ಹೂವು. ಬಲಕ್ಕೆ ಹೋದರೆ ಅಂಗಳ. ಮಧ್ಯಾಹ್ನದ ಬಿಸಿಲಿನಲ್ಲಿ ಇಂಟರ್‌ಲಾಕ್ ಬೆಳ್ಳಗೆ ಹೊಳೆಯುತ್ತಿತ್ತು. ನಡುವೆ ಕಾರಿನ ಎಣ್ಣೆ ತೊಟ್ಟಿಕ್ಕಿದ ಒಂದು ಕಪ್ಪು ಕಲೆ.

ಬಕೆಟಿನ ಕಂಠ ಬೆರಳನ್ನು ಕೊಯ್ಯುತ್ತಿತ್ತು. ಅವಳು ಬಲಕ್ಕೆ ತಿರುಗಿದಳು. ಬಕೆಟನ್ನು ಕಲೆಯ ಮೇಲೆ, ಸರಿಯಾಗಿ ಅದು ಮುಚ್ಚುವ ಹಾಗೆ ಇಟ್ಟಳು.

ಎರಡನೆಯದನ್ನು ಅದರ ಪಕ್ಕದಲ್ಲಿ, ಒಂದರ ನೆರಳು ಒಂದಕ್ಕೆ ಬೀಳದ ಅಂತರ ಬಿಟ್ಟು. ಮೂರು. ನಾಲ್ಕು. ಐದನೆಯದು ಇಳಿಸುವಾಗ ಒಳಗಿನಿಂದ ಆಯಿಶುಮ್ಮನ ಸ್ವರ ಬಂತು. "ಎಂತ ಅದು ಸದ್ದು?"

"ಬಕೆಟ್ ಇಳಿಸುದು ಮಾಮಿ."

"ಹಿತ್ತಲಿಗಾ?"

ಝುಲೈಖಾ ಐದನೆಯದನ್ನು ಸಾಲಿಗೆ ಸೇರಿಸಿದಳು. ಸ್ವಲ್ಪ ಹೊತ್ತಿನಲ್ಲಿ ಚಾಪೆಯ ಮೇಲೆ ಮಗ್ಗುಲು ಬದಲಿಸಿದ ಸದ್ದು ಮಾತ್ರ ಕೇಳಿತು.

ಹನ್ನೊಂದನೆಯ ಬಕೆಟನ್ನು ಇಟ್ಟು ಸೊಂಟ ನೆಟ್ಟಗೆ ಮಾಡುವಾಗ ರಸ್ತೆಯ ತಿರುವಿನಲ್ಲಿ ಪರಿಚಿತ ಇಂಜಿನ್. ಆಮೇಲೆ ಗೇಟಿನ ಎದುರು ಎರಡು ಸಲ ಹಾರ್ನ್.

ಕಾಲು ಅಭ್ಯಾಸದಿಂದ ಒಂದು ಹೆಜ್ಜೆ ಗೇಟಿನ ಕಡೆ ಹೋಯಿತು. ಅವಳು ಅದನ್ನು ವಾಪಸ್ ತಂದಳು.

ಹನ್ನೊಂದು ಗಿಡಗಳು ಬಿಸಿಲಿನಲ್ಲಿ ನಿಂತಿದ್ದವು. ಎಂಟು ತಿಂಗಳು ಹಸಿರು ನೆರಳಿನಲ್ಲಿದ್ದ ಮೆತ್ತಗಿನ ಎಲೆಗಳು. ನಾಲ್ಕು ದಿನ ಬಾಡುತ್ತವೆ, ಕೆಲವು ಸುಟ್ಟು ಉದುರುತ್ತವೆ. ಮತ್ತೆ ಬರುವ ಎಲೆ ಗಿಡ್ಡ, ದಪ್ಪ, ಗಟ್ಟಿ ಇರುತ್ತದೆ. ಅವುಗಳ ಕಂಕುಳಲ್ಲಿ ಮೊಗ್ಗು. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾರ್ನ್ ಮತ್ತೆ ಎರಡು ಸಲ. ಆಮೇಲೆ ಒಂದು ಉದ್ದದ್ದು.

ಸರಳಿನ ನಡುವೆ ಕೈ ಹಾಕಿದರೆ ಚಿಲಕ ಸಿಗುತ್ತದೆ. ಕೈ ಅವನಿಗೂ ಇದೆ. ಝುಲೈಖಾ ಶಾಲಿನ ತುದಿಯಿಂದ ಕುತ್ತಿಗೆಯ ಬೆವರು ಒರೆಸಿಕೊಂಡು, ಹನ್ನೆರಡನೆಯ ಬಕೆಟು ತರಲು ಮೆಟ್ಟಿಲು ಹತ್ತಿದಳು.